ಪಾಠದ ದನಿಗೆ ಫುಲ್ ಮಾರ್ಕ್ಸ್, ಮಾರ್ಕ್ಸ್ ಕೊಡುವ ಬಟನ್‌ಗೆ ಸೊನ್ನೆ

ದಿನವಿಡೀ ಹೆಡ್‌ಫೋನ್ ಹಾಕಿಕೊಂಡು ಅಮೆರಿಕದ ಗ್ರಾಹಕರ ಜೊತೆ ಮಾತಾಡುವ ಕೆಲಸ ನನ್ನದು. ವ್ಯಾಕರಣ ಪರವಾಗಿಲ್ಲ, ಮಾತಿನ ಓಟದಲ್ಲೇ ತೊಡಕು. ಅದಕ್ಕೇ ನುಡಿಗಟ್ಟುಗಳನ್ನು ಬಳಸಲು, ಉಚ್ಚರಿಸಲು ಕಲಿಸುವ ಒಂದು ಆ್ಯಪ್‌ಗೆ ದುಡ್ಡು ಕಟ್ಟಿದೆ. ‘ಬೈಟ್ ಆಫ್ ಮೋರ್ ದ್ಯಾನ್ ಯೂ ಕ್ಯಾನ್ ಚ್ಯೂ’ ಎಂಬ ಒಂದೇ ಪಾಠ ಸಾಕು, ಆ್ಯಪ್‌ನ ಗುಣ, ಅವಗುಣ ಎರಡೂ ಗೊತ್ತಾಗುತ್ತವೆ. ಪದಕ್ಕೆ ಪದ ನೋಡಿದರೆ ಅಗಿಯಲಾಗದಷ್ಟು ದೊಡ್ಡ ತುತ್ತು ಕಚ್ಚುವುದು; ಕೈಲಾಗದಷ್ಟು ಕೆಲಸವನ್ನು ತಾನಾಗಿಯೇ ಮೈಮೇಲೆ ಎಳೆದುಕೊಂಡವರ ಬಗ್ಗೆ ಹೇಳುವ ಮಾತು ಇದು.

ಮೊದಲು ಒಳ್ಳೆಯದು. ಪಾಠದ ದನಿ ನಿಜಕ್ಕೂ ಸೊಗಸಾಗಿದೆ. ಆ ಹೆಂಗಸು ಏಳು ಪದಗಳನ್ನು ಬಿಡಿಬಿಡಿಯಾಗಿ ಓದುವುದಿಲ್ಲ. ‘ಬೈಡಾಫ್ ಮೋರ್ದನ್ ಯೂಕನ್ ಚೂ’ ಅಂತ ಒಂದೇ ಉಸಿರಿನಲ್ಲಿ ಹೇಳಿ ಮುಗಿಸುತ್ತಾಳೆ. ‘ಬೈಟ್’ ಕೊನೆಯ ಟ ಮುಂದಿನ ಪದಕ್ಕೆ ಅಂಟಿಕೊಂಡು ಟ ಅಲ್ಲ, ಡ ಅಲ್ಲ, ಸ್ವಲ್ಪ ರ ಕಡೆಗೆ ವಾಲುತ್ತದೆ. ಅಮೆರಿಕದವರ ಬಾಯಲ್ಲಿ ಬರುವುದು ಹೀಗೇ. ಒತ್ತು ಜಾಸ್ತಿ ಬೀಳುವುದು ‘ಮೋರ್’, ‘ಚೂ’ ಮೇಲೆ. ಕನ್ನಡದವರು ಎಲ್ಲ ಅಕ್ಷರಕ್ಕೂ ಸಮಪಾಲು ಕೊಟ್ಟು, ಕೊನೆಗೊಂದು ಉಕಾರ ಸೇರಿಸಿ ‘ಬೈಟು ಆಫು’ ಅನ್ನುತ್ತೇವೆ ಅಲ್ವಾ, ಆ ಅಭ್ಯಾಸಕ್ಕೆ ಇದು ಒಳ್ಳೆ ಮದ್ದು. ಕೊನೆಯ ಪದದಲ್ಲಿ ‘ಚ್ಯೂ’ ಬೇಡ, ಬರೀ ‘ಚೂ’ ಸಾಕು ಎಂಬುದನ್ನೂ ತೋರಿಸಿದ್ದಾರೆ.

ಎಡವಟ್ಟು ಇರುವುದು ಮೈಕ್ ಬಟನ್‌ನಲ್ಲಿ. ಅದನ್ನು ಒತ್ತಿ ನಾವು ಹೇಳಿದರೆ ಪದಪದಕ್ಕೂ ಹಸಿರು, ಕೆಂಪು ಬಣ್ಣ ಬರುತ್ತದೆ. ಅವಳ ಹಾಗೆಯೇ ಜೋಡಿಸಿ ಹೇಳಿದೆ. ‘ದ್ಯಾನ್’ ಕೆಂಪು, ‘ಕ್ಯಾನ್’ ಕೆಂಪು. ಸುಮ್ನೆ ನೋಡೋಣ ಅಂತ ಶಾಲೆಯಲ್ಲಿ ಪಾಠ ಒಪ್ಪಿಸುವ ಮಕ್ಕಳ ಹಾಗೆ ‘ಬೈಟ್. ಆಫ್. ಮೋರ್.’ ಎಂದೆ. ಎಲ್ಲವೂ ಹಸಿರು! ಕಿವಿಗೆ ಒಂದು ಕಲಿಸಿ ಬಾಯಿಗೆ ಇನ್ನೊಂದು ಕಲಿಸಿದರೆ ಹೇಗೆ? ಇದು ಸಣ್ಣ ವಿಷಯವೂ ಅಲ್ಲ. ‘ಕ್ಯಾನ್’ ಅನ್ನು ಒತ್ತಿ ಹೇಳಿದರೆ ಅಮೆರಿಕದವರಿಗೆ ಎಷ್ಟೋ ಸಲ ‘ಕ್ಯಾಂಟ್’ ಅಂತ ಕೇಳಿಸುತ್ತದೆ. ಆಗುತ್ತದೆ ಅಂತ ನಾವು ಹೇಳಿದ್ದು ಅವರಿಗೆ ಆಗುವುದಿಲ್ಲ ಅಂತ ತಲುಪುತ್ತದೆ.

ನಿಧಾನ ಮಾಡುವ ಬಟನ್ನೂ ಅಷ್ಟಕ್ಕಷ್ಟೇ. ಇದ್ದ ದನಿಯನ್ನೇ ಎಳೆಯುತ್ತದೆ, ಬೇರೆ ರೆಕಾರ್ಡಿಂಗ್ ಇಲ್ಲ.

ಬಳಕೆಯ ಭಾಗ ಅರ್ಧಂಬರ್ಧ. ಎಲ್ಲ ಉದಾಹರಣೆಯಲ್ಲೂ ‘ಯೂ ಕ್ಯಾನ್’ ಒಂದೇ. ನನ್ನ ಬಗ್ಗೆ, ಆಗಿಹೋದದ್ದನ್ನು ಹೇಳಬೇಕಾದರೆ ‘ಐ ಬಿಟ್ ಆಫ್ ಮೋರ್ ದ್ಯಾನ್ ಐ ಕುಡ್ ಚ್ಯೂ’ ಆಗಬೇಕು. ಅವನ ಬಗ್ಗೆಯಾದರೆ ‘ಹೀ ಹ್ಯಾಸ್ ಬಿಟನ್ ಆಫ್ ಮೋರ್ ದ್ಯಾನ್ ಹೀ ಕ್ಯಾನ್ ಚ್ಯೂ’. ಕೆಲಸದಲ್ಲಿ ನಿಜವಾಗಿ ಬೇಕಾಗುವುದು ಇವೇ, ಇವೇ ಇಲ್ಲ.

ಜೊತೆಗೆ ‘ಟೂ ಮಚ್ ಆನ್ ಮೈ ಪ್ಲೇಟ್’ (ನನ್ನ ತಟ್ಟೆಯಲ್ಲಿ ವಿಪರೀತ ಇದೆ, ಅಂದರೆ ಕೆಲಸ ಮಿತಿಮೀರಿದೆ) ಕೂಡ ಇದೇ ಅರ್ಥ ಅಂತ ಒಂದೇ ಸಾಲಿಗೆ ಸೇರಿಸಿದ್ದಾರೆ. ಸರಿಯಲ್ಲ. ತಟ್ಟೆಗೆ ಬೇರೆಯವರು ಬಡಿಸಿರಬಹುದು, ಕಚ್ಚಿದ್ದು ಮಾತ್ರ ನಾವೇ. ಮೇಲಿನವರು ಹೇರಿದ ಕೆಲಸದ ಬಗ್ಗೆ ದೂರುವಾಗ ‘ಬಿಟ್ ಆಫ್’ ಅಂದರೆ ತಪ್ಪು ನಮ್ಮ ತಲೆಗೇ ಬರುತ್ತದೆ. ಸಹೋದ್ಯೋಗಿಗೆ ‘ನೀವು ಬಿಟ್ ಆಫ್ ಮಾಡಿದ್ದೀರಿ’ ಅಂತ ಹೇಳಿದರಂತೂ ಚುಚ್ಚಿದ ಹಾಗೇ. ಆ ಎಚ್ಚರಿಕೆಗೆ ಒಂದು ಸಾಲು ಬರೆಯಲು ಜಾಗ ಇರಲಿಲ್ಲವೇ?

ಐದರಲ್ಲಿ ಮೂರು ಸ್ಟಾರ್, ಮೂರೂ ಆ ದನಿಗೇ. ಹೊಸದಾಗಿ ಇಂಗ್ಲಿಷ್ ಕಲಿಯುವವರಿಗೆ ಇದನ್ನು ಕೊಡಿಸಬೇಡಿ, ಕೆಂಪು ಬಣ್ಣ ನೋಡಿ ಹೆದರಿಬಿಡುತ್ತಾರೆ. ಮಾತು ಬರುತ್ತದೆ, ಓಟ ಸಾಲದು ಅನ್ನುವವರು ತಗೊಳ್ಳಬಹುದು. ಸೆಟ್ಟಿಂಗ್ಸ್‌ನಲ್ಲಿ ಮೈಕ್ ಅನುಮತಿ ತೆಗೆದುಬಿಟ್ಟರೂ ಪಾಠ ಓಡುತ್ತದೆ. ನಾನು ಈಗ ಹಾಗೇ ಬಳಸುತ್ತಿದ್ದೇನೆ.