ಅಪ್ಪ, ಮಗಳು, ಒಂದು ಕೊಡೆ: ಅನಿಮೇಷನ್ ಪಾತ್ರಕ್ಕೆ ಮಾತು ಕೂರಿಸಲು ನಾನು ಮಾಡಿದ ಪ್ರಯೋಗಗಳು

ನನ್ನ ಎರಡೂವರೆ ನಿಮಿಷದ ಕಿರುಚಿತ್ರದಲ್ಲಿ ಮಾತಿರುವುದು ಬರೀ 11 ಸೆಕೆಂಡ್. ಅಷ್ಟಕ್ಕೆ ನಾಲ್ಕು ತಿಂಗಳ ಭಾನುವಾರಗಳು ಹೋದವು. ತೀರ್ಥಹಳ್ಳಿ ಕಡೆಯ ಒಂದು ಬಸ್ ಸ್ಟಾಪು, ಜೋರು ಮಳೆ, ಅಪ್ಪ, ಮಗಳು. "ಅಪ್ಪಾ, ಕೊಡೆ ಮರ್ತು ಬಂದ್ಯಾ?" ಅಂತ ಮಗಳು ಕೇಳುತ್ತಾಳೆ. ಅಪ್ಪ ಸ್ವಲ್ಪ ತಡೆದು, "ಮರ್ತಿಲ್ಲ. ಬಿಟ್ಟು ಬಂದೆ" ಅನ್ನುತ್ತಾನೆ. ಮಗಳದ್ದು ಒಂದು "ಹ್ಞೂಂ". ಮುಗಿಯಿತು. ಕೊಡೆ ಯಾರ ಹತ್ತಿರ ಬಿಟ್ಟ ಅನ್ನುವುದೇ ಕಥೆ, ಅದನ್ನು ಇಲ್ಲಿ ಹೇಳಲ್ಲ.

ಹಗಲು ನನ್ನದು ಲೆಕ್ಕಪತ್ರದ ಕೆಲಸ, ರಾತ್ರಿ ಬ್ಲೆಂಡರ್, ಅಂದರೆ ದುಡ್ಡಿಲ್ಲದೆ ಸಿಗುವ ಅನಿಮೇಷನ್ ತಂತ್ರಾಂಶ. ನಡೆಯುವುದು, ಕೂರುವುದು, ಮಳೆ ಸುರಿಯುವುದು ಎಲ್ಲವನ್ನೂ ಹೇಗೋ ಕಲಿತುಕೊಂಡೆ. ಆದರೆ ಪಾತ್ರ ಬಾಯಿ ತೆರೆದ ಕೂಡಲೇ ಗೊಂಬೆಯಾಗಿಬಿಡುತ್ತಿತ್ತು. 2025ರಲ್ಲಿ ಆಸ್ಕರ್ ಗೆದ್ದ ಲಾಟ್ವಿಯಾದ ಅನಿಮೇಷನ್ ಚಿತ್ರವೂ ಬ್ಲೆಂಡರ್‌ನಲ್ಲೇ ಮಾಡಿದ್ದು. ಅದರಲ್ಲಿ ಒಂದೇ ಒಂದು ಮಾತಿಲ್ಲ, ಬರೀ ಪ್ರಾಣಿಗಳು. ಜಾಣರು ಅಲ್ವಾ?

ನನಗೆ ಮಾತು ಬೇಕೇ ಬೇಕಿತ್ತು. ಅದಕ್ಕೆ ಅದೇ 11 ಸೆಕೆಂಡನ್ನು ಮೂರು ಥರ ಮಾಡಿ ನೋಡಿದೆ. ಧ್ವನಿ, ಪಾತ್ರ, ಕ್ಯಾಮೆರಾ ಎಲ್ಲ ಒಂದೇ. ಬಾಯಿ ಆಡಿಸುವ ದಾರಿ ಮಾತ್ರ ಬೇರೆ.

ಯಂತ್ರಕ್ಕೆ ಬಿಟ್ಟಿದ್ದು

ಮೊದಲು ರೂಬಾರ್ಬ್ ಲಿಪ್ ಸಿಂಕ್ ಅನ್ನುವ ತಂತ್ರಾಂಶ. ಇದಕ್ಕೂ ದುಡ್ಡು ಕೊಡಬೇಕಿಲ್ಲ. ಧ್ವನಿಯ ವೇವ್ ಫೈಲ್ ಕೊಟ್ಟರೆ ಯಾವ ಕ್ಷಣಕ್ಕೆ ಬಾಯಿ ಯಾವ ಆಕಾರದಲ್ಲಿರಬೇಕು ಅಂತ ಪಟ್ಟಿ ಕೊಡುತ್ತದೆ. ಆಕಾರಗಳು ಮುಖ್ಯವಾಗಿ ಆರು: ಮುಚ್ಚಿದ ತುಟಿ, ಹಲ್ಲು ಕಚ್ಚಿದ್ದು, ಸ್ವಲ್ಪ ತೆರೆದದ್ದು, ಪೂರ್ತಿ ತೆರೆದದ್ದು, ಕೊಂಚ ದುಂಡಗಾದದ್ದು, ಊದುವ ಹಾಗೆ ಮುಂದೆ ಚಾಚಿದ್ದು. ಬೇಕಿದ್ದರೆ ಇನ್ನೂ ಮೂರು ಸೇರಿಸಿಕೊಳ್ಳಬಹುದು. ಆರೇ ಬಾಯಿಯಲ್ಲಿ ಸಂಸಾರ ಮಾಡುವುದು ಹ್ಯಾನಾ-ಬಾರ್ಬೆರಾದವರ ಟೀವಿ ಕಾರ್ಟೂನ್ ಕಾಲದಿಂದ ಬಂದ ಉಪಾಯ.

ಕನ್ನಡದವರು ಇಲ್ಲಿ ಒಂದು ವಿಷಯ ಗಮನಿಸಬೇಕು. ಇದಕ್ಕೆ ಎರಡು ಕಿವಿ ಇವೆ. ಒಂದು ಇಂಗ್ಲಿಷ್ ಕಿವಿ, ಇನ್ನೊಂದು ಭಾಷೆ ಯಾವುದಾದರೇನು ಅಂತ ಬರೀ ಸದ್ದು ಕೇಳುವ ಕಿವಿ. ಸುಮ್ನೆ ಓಡಿಸಿದರೆ ಇಂಗ್ಲಿಷ್ ಕಿವಿಯೇ ಕೆಲಸಕ್ಕೆ ಕೂರುತ್ತದೆ. ಮೊದಲ ಸಲ ನಾನು ಹಾಗೇ ಓಡಿಸಿದೆ. ಅಪ್ಪನ ಮಾತಿನಲ್ಲಿ ಅದು ಯಾವ ಇಂಗ್ಲಿಷ್ ಪದ ಹುಡುಕಿತೋ, ಬಾಯಿ ಎಲ್ಲೆಲ್ಲೋ ಹೋಗುತ್ತಿತ್ತು. ಸದ್ದು ಕೇಳುವ ಕಿವಿಗೆ ಫೊನೆಟಿಕ್ ಅಂತ ಹೆಸರು, ಅದೇ ಬೇಕು ಅಂತ ಬೇರೆಯಾಗಿ ಹೇಳಿ ಓಡಿಸಿದ ಮೇಲೆ ಪರವಾಗಿಲ್ಲ ಅನ್ನಿಸಿತು.

ಬಾಯಿಯ ಆಕಾರಗಳನ್ನು ಮಾಡಿಕೊಳ್ಳಲು ಒಂದು ಸಂಜೆ ಹಿಡಿಯಿತು. ಆಮೇಲೆ ಯಂತ್ರದ ಕೆಲಸ ಕಾಫಿ ಆರುವುದರೊಳಗೆ ಮುಗಿಯಿತು. ಆದರೆ ಎರಡು ಕಡೆ ಕೈಕೊಟ್ಟಿತು. "ಅಪ್ಪಾ" ಅನ್ನುವಾಗ ಪ್ಪ ಒತ್ತಕ್ಷರ. ತುಟಿ ಮುಚ್ಚಿ ಒಂದು ಗಳಿಗೆ ಹಾಗೇ ನಿಲ್ಲಬೇಕು. ನನಗೆ ಸಿಕ್ಕ ಪಟ್ಟಿಯಲ್ಲಿ ಮುಚ್ಚಿದ್ದು ಎರಡು ಫ್ರೇಮ್ ಅಷ್ಟೇ. "ಬಂದೆ"ಯ ಬಕಾರಕ್ಕೆ ಒಂದೇ ಫ್ರೇಮ್. ಸೆಕೆಂಡಿಗೆ 24 ಫ್ರೇಮ್ ಓಡುವಾಗ ಒಂದು ಫ್ರೇಮ್ ಅಂದರೆ ಸುಮಾರು 42 ಮಿಲಿಸೆಕೆಂಡ್, ಕಣ್ಣಿಗೆ ಬೀಳುವುದೇ ಇಲ್ಲ. ಕಿವಿಗೆ "ಬಂದೆ" ಕೇಳುತ್ತದೆ, ಕಣ್ಣಿಗೆ "ಅಂದೆ" ಕಾಣುತ್ತದೆ.

ಕೈಯಲ್ಲಿ ಮಾಡಿದ್ದು

ಎರಡನೆಯದು ಪೂರ್ತಿ ಕೈಕೆಲಸ. 264 ಫ್ರೇಮ್. ಬ್ಲೆಂಡರ್‌ನಲ್ಲಿ ಬಾಯಿಯ ಭಂಗಿಗಳನ್ನು ಪೋಸ್ ಲೈಬ್ರರಿಯಲ್ಲಿ ಇಟ್ಟುಕೊಂಡು, ಟೈಮ್‌ಲೈನ್‌ನಲ್ಲಿ ಧ್ವನಿಯನ್ನು ಹಿಂದೆ ಮುಂದೆ ಎಳೆದು ಕೇಳುತ್ತಾ, ಬೇಕಾದ ಕಡೆ ಒಂದೊಂದನ್ನು ಹಾಕುತ್ತಾ ಹೋಗುವುದು. ಹೀಗೆ ಎಳೆದಾಗ ಧ್ವನಿ ಕೇಳಿಸುವ ಆಡಿಯೋ ಸ್ಕ್ರಬ್ಬಿಂಗ್ ಆನ್ ಮಾಡದೆ ಇದಕ್ಕೆ ಕೂರಬೇಡಿ. ಪ್ಲೇ ಮಾಡುವಾಗ ಸಿಂಕ್ ಅನ್ನೂ ಆಡಿಯೋಗೆ ಕಟ್ಟಿ. ಇಲ್ಲದಿದ್ದರೆ ನಿಧಾನದ ಕಂಪ್ಯೂಟರ್‌ನಲ್ಲಿ ಚಿತ್ರ ಹಿಂದೆ ಉಳಿಯುತ್ತದೆ, ತಪ್ಪು ಬಾಯಿಯದು ಅಂದುಕೊಂಡು ನೀವು ಸರಿ ಇರುವುದನ್ನೇ ಕೆಡಿಸುತ್ತಾ ಕೂರುತ್ತೀರಿ. ನಾನು ಒಂದು ಭಾನುವಾರ ಪೂರ್ತಿ ಕೆಡಿಸಿದೆ.

ಮೊದಲ ಸಲ ಅಕ್ಷರ ಅಕ್ಷರಕ್ಕೂ ಒಂದು ಬಾಯಿ ಇಟ್ಟೆ. ಅಪ್ಪ ಎಮ್ಮೆ ಮೆಲುಕು ಹಾಕಿದ ಹಾಗೆ ಕಂಡ. ಆಮೇಲೆ ಕನ್ನಡಿ ಮುಂದೆ ನಿಂತು, ಗದ್ದದ ಕೆಳಗೆ ಅಂಗೈ ಇಟ್ಟುಕೊಂಡು "ಬಿಟ್ಟು ಬಂದೆ" ಅಂದೆ. ನೀವೂ ಅಂದು ನೋಡಿ. ಗದ್ದ ಸರಿಯಾಗಿ ಇಳಿಯುವುದು ಒಂದೇ ಸಲ, ಬಂ ಹತ್ತಿರ. ಟ್ಟು ಬಂದಾಗ ತುಟಿ ಕೊಂಚ ದುಂಡಗಾಗುತ್ತದೆ ಅಷ್ಟೇ. ಟಕಾರದ ಕಷ್ಟವೆಲ್ಲ ನಾಲಿಗೆಗೆ. ಟ, ಡ, ಣ, ಳ, ಕ, ಗ ಇವೆಲ್ಲ ಒಳಮನೆಯ ವ್ಯವಹಾರ, ಹೊರಗಿನವರಿಗೆ ಕಾಣುವುದಿಲ್ಲ. "ಕನ್ನಡ" ಅನ್ನುವ ಪದವನ್ನೇ ತಗೊಳ್ಳಿ. ಶುರುವಿನಿಂದ ಕೊನೆಯವರೆಗೆ ತುಟಿ ಒಂದು ಸಲವೂ ಮುಚ್ಚುವುದಿಲ್ಲ.

ಒಂದು ತಪ್ಪಂತೂ ನನಗೇ ನಗು ಬರಿಸಿತು. "ಬಂದೆ"ಯಲ್ಲಿ ಸೊನ್ನೆ ಇದೆಯಲ್ಲ, ಅದಕ್ಕೆ ತುಟಿ ಮುಚ್ಚಿಸಿದ್ದೆ. ಬರವಣಿಗೆ ನೋಡಿಕೊಂಡು ಬಾಯಿ ಆಡಿಸಿದರೆ ಹೀಗೇ. ನಾವು ಹೇಳುವುದು ಬನ್ದೆ, ಅದು ನಾಲಿಗೆಯ ಕೆಲಸ. "ಕಂಬ" ಆಗಿದ್ದರೆ ತುಟಿ ಮುಚ್ಚಬೇಕಿತ್ತು. ಸೊನ್ನೆ ಒಂದೇ ಆದರೂ ಬಾಯಿ ಬೇರೆ.

ಪ, ಬ, ಮ ಬಂದ ಕಡೆ ತುಟಿ ಮುಚ್ಚುವುದನ್ನು ತಪ್ಪಿಸಲೇಬಾರದು. ಕಡಿಮೆ ಅಂದರೂ ಎರಡು ಫ್ರೇಮ್, ಒತ್ತಕ್ಷರ ಇದ್ದರೆ ನಾಲ್ಕು. ಮುಚ್ಚುವುದು ಸದ್ದಿಗಿಂತ ಒಂದೆರಡು ಫ್ರೇಮ್ ಮೊದಲೇ ಶುರುವಾಗಲಿ. ಉಳಿದದ್ದರಲ್ಲಿ ಸೋಮಾರಿತನ ಮಾಡಿದಷ್ಟೂ ಚೆನ್ನಾಗಿ ಕಾಣುತ್ತದೆ. ಹೀಗೆ ಮಾಡಿದ್ದು ನಿಜಕ್ಕೂ ಚೆನ್ನಾಗಿತ್ತು. ಆದರೆ ಎರಡು ಭಾನುವಾರ!

ಫೋನ್ ಮುಂದೆ ಮುಖ ಇಟ್ಟಿದ್ದು

ಮೂರನೆಯದಕ್ಕೆ ಭಾವನ ಐಫೋನ್ ಎರವಲು ತಂದೆ. 2017ರ ಐಫೋನ್ ಟೆನ್‌ನಿಂದ ಈಚೆಗೆ ಮುಖ ನೋಡಿ ಲಾಕ್ ತೆಗೆಯುವ ಕ್ಯಾಮೆರಾ ಬಂತಲ್ಲ, ಅದು ಮುಖದ 52 ಬಗೆಯ ಚಲನೆಗಳನ್ನು ಹಿಡಿದು ಕೊಡುತ್ತದೆ. ಲೈವ್ ಲಿಂಕ್ ಫೇಸ್ ಅನ್ನುವ ಆ್ಯಪ್‌ನಲ್ಲಿ ಹಿಡಿದು, ಫೈಲನ್ನು ಒಂದು ಆ್ಯಡ್-ಆನ್ ಮೂಲಕ ಬ್ಲೆಂಡರ್‌ಗೆ ತಂದೆ.

ಹುಬ್ಬು, ಕೆನ್ನೆ, ಕಣ್ಣ ಸುತ್ತಲಿನ ಸಣ್ಣ ನಡುಕ, ಇವೆಲ್ಲ ಕೈಯಲ್ಲಿ ಮಾಡಿ ಮುಗಿಯುವಂಥದ್ದಲ್ಲ. ಅದನ್ನು ನೋಡಿ ಬೆರಗಾದೆ. ಆದರೆ ತುಟಿ ಮಾತ್ರ ಮೆತ್ತಗೆ, ಪ್ಪಕ್ಕೆ ಪೂರ್ತಿ ಕೂಡುತ್ತಿರಲಿಲ್ಲ. ಇದು ಫೋನಿನ ತಪ್ಪಲ್ಲ. ನನ್ನ ಬಾಯಿ ಒಂದಳತೆ, ಅಪ್ಪನಿಗೆ ನಾನು ಕೊಟ್ಟ ಬಾಯಿ ಅದರ ಎರಡರಷ್ಟು. ಸರಿ ಮಾಡೋಣ ಅಂದರೆ ಸೆಕೆಂಡಿಗೆ 60ರಂತೆ 11 ಸೆಕೆಂಡ್, ಅದರ ಮೇಲೆ 52 ಸಾಲು. ಮೂವತ್ತನಾಲ್ಕು ಸಾವಿರಕ್ಕಿಂತ ಜಾಸ್ತಿ ಚುಕ್ಕಿಗಳು. ಯಾವುದನ್ನು ಹಿಡಿದು ಎಳೆಯುವುದು? ನೈಜವಾದ ಮುಖ ಮಾಡುವವರಿಗೆ ಈ ದಾರಿ ಒಳ್ಳೆಯದು. ನನ್ನ ಪಾತ್ರಗಳು ಆಲೂಗಡ್ಡೆಗೆ ಕಣ್ಣು ಬರೆದ ಹಾಗಿವೆ, ಅವಕ್ಕೆ ಇದು ಆಗಲಿಲ್ಲ.

ಅಮ್ಮನ ಪ್ರಶ್ನೆ

ಮೂರನ್ನೂ ಅಮ್ಮನಿಗೆ ತೋರಿಸಿದೆ. ಯಾವುದು ಕೈಯದು, ಯಾವುದು ಯಂತ್ರದ್ದು ಅಂತ ಅವರಿಗೆ ಗೊತ್ತಾಗಲೇ ಇಲ್ಲ. ಮೂರನ್ನೂ ನೋಡಿ ಕೇಳಿದ್ದು ಒಂದೇ ಮಾತು: "ಇವರಿಬ್ಬರೂ ಬೇರೆ ಬೇರೆ ಮನೇಲಿ ಕೂತು ಮಾತಾಡ್ತಿದಾರಾ?"

ಹೌದು, ಬೇರೆ ಬೇರೆ ಮನೆಯಲ್ಲೇ. ಮಗಳ ಧ್ವನಿ ಕೊಟ್ಟ ಅಕ್ಕನ ಮಗಳು ಮೈಸೂರಿನಲ್ಲಿ ರೆಕಾರ್ಡ್ ಮಾಡಿ ವಾಟ್ಸಾಪ್‌ನಲ್ಲಿ ಕಳಿಸಿದ್ದಳು. ಅಪ್ಪನ ಧ್ವನಿ ಕೊಟ್ಟವರು ನನ್ನ ಸಹೋದ್ಯೋಗಿ, ಹಿಂದೆ ಹವ್ಯಾಸಿ ನಾಟಕ ಮಾಡಿದವರು. ಅವರು ನಮ್ಮ ಮನೆಯ ಬಟ್ಟೆ ಬೀರು ತೆರೆದು, ಸೀರೆಗಳ ನಡುವೆ ತಲೆಯಿಟ್ಟು ಹೇಳಿದ್ದರು. ಪ್ರತಿ ಸಾಲೂ ಶುದ್ಧ, ಫ್ಯಾನಿನ ಸದ್ದೂ ಇಲ್ಲ. ಆದರೆ ಒಬ್ಬರ ಮಾತು ಇನ್ನೊಬ್ಬರಿಗೆ ತಾಗಿಯೇ ಇರಲಿಲ್ಲ.

ಹಾಗಾಗಿ ದಸರಾ ರಜೆಗೆ ಅವಳು ಬಂದಾಗ ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದೆ. ಇಬ್ಬರ ಮುಂದೆಯೂ ಒಂದೊಂದು ಫೋನ್. ಆಮೇಲೆ ಎರಡನ್ನೂ ಹೊಂದಿಸಲು ಶುರುವಿನಲ್ಲಿ ಒಂದು ಚಪ್ಪಾಳೆ. ಧ್ವನಿ ಮೊದಲಿನಷ್ಟು ಶುದ್ಧವಾಗಿ ಬರಲಿಲ್ಲ. ಒಬ್ಬರದ್ದು ಇನ್ನೊಬ್ಬರ ಫೋನಿಗೂ ಸೇರಿತು, ಒಂದು ಟೇಕ್‌ನಲ್ಲಿ ಕುಕ್ಕರ್ ಕೂಗಿತು. ಆದರೆ "ಮರ್ತಿಲ್ಲ" ಆದ ಮೇಲೆ ಅವರು ಒಂದು ಉಸಿರು ಬಿಟ್ಟರು ನೋಡಿ, ಆ ಉಸಿರು ಬೀರುವಿನೊಳಗೆ ಬಂದಿರಲಿಲ್ಲ. ಅವಳ "ಹ್ಞೂಂ" ಕೂಡ ಬದಲಾಯಿತು. ಮೈಸೂರಿನದ್ದು ಸಾಲು ಓದಿದ ಹ್ಞೂಂ, ಇದು ನಂಬದೇ ಇರುವ ಹ್ಞೂಂ.

ಶುದ್ಧವಾದ ಧ್ವನಿಯೋ, ಒಟ್ಟಿಗೆ ಕೂತ ಧ್ವನಿಯೋ ಅಂದರೆ ನಾನು ಕಣ್ಣುಮುಚ್ಚಿ ಎರಡನೆಯದಕ್ಕೆ ಹೋಗುತ್ತೇನೆ. ಇದ್ದ ಸದ್ದು ಮಳೆಯಲ್ಲಿ ಮುಚ್ಚಿಹೋಯಿತು. ಇನ್ನೊಂದು ಲಾಭವೂ ಆಯಿತು. ಫೋನ್‌ಗಳಲ್ಲಿ ವಿಡಿಯೋನೂ ಓಡುತ್ತಿತ್ತಲ್ಲ, ಅವರು "ಬಿಟ್ಟು ಬಂದೆ" ಅನ್ನುವ ಮೊದಲು ಕಣ್ಣು ನೆಲಕ್ಕೆ ಹೋಗಿದ್ದು ಸಿಕ್ಕಿತು. ಕಣ್ಣು ಮೊದಲು, ಮೂರು ಫ್ರೇಮ್ ಆದ ಮೇಲೆ ತಲೆ, ನಡುವೆ ಒಂದು ರೆಪ್ಪೆ. ಅದನ್ನು ಹಾಗೇ ನಕಲು ಮಾಡಿದೆ. ಬಾಯಿಗೆ ಹಾಕಿದ ಎರಡು ಭಾನುವಾರಕ್ಕಿಂತ ಈ ಅರ್ಧ ಗಂಟೆ ಜಾಸ್ತಿ ಕೆಲಸ ಮಾಡಿತು.

ಆಮೇಲೆ ಕತ್ತರಿ ಹಿಡಿದೆ. ಮೊದಲು ಯಾರು ಮಾತಾಡುತ್ತಾರೋ ಅವರ ಮುಖವೇ ಕಾಣುತ್ತಿತ್ತು, ಟೆನಿಸ್ ನೋಡಿದ ಹಾಗೆ. ಈಗ ಅಪ್ಪನ ಮುಖದ ಮೇಲೆ "ಮರ್ತಿಲ್ಲ" ಅಷ್ಟೇ. "ಬಿಟ್ಟು ಬಂದೆ" ಕೇಳುವುದು ಮಗಳ ಮುಖದ ಮೇಲೆ. ಅವಳು ಬಾಯಿ ತೆರೆಯುವುದಿಲ್ಲ, ಅಪ್ಪನ ಕೈ ನೋಡುತ್ತಾಳೆ. ಅಂದರೆ ನಾನು ಗದ್ದ ಹಿಡಿದುಕೊಂಡು ಕಲಿತ ಆ "ಬಿಟ್ಟು ಬಂದೆ"ಯ ಬಾಯಿ ಚಿತ್ರದಲ್ಲೇ ಇಲ್ಲ. ಹೊಟ್ಟೆ ಉರಿಯಿತು, ನಿಜ.

ಹೊಸ ಧ್ವನಿಗೆ ಬಾಯಿಯನ್ನು ಕೊನೆಗೆ ಹೇಗೆ ಮಾಡಿದೆ ಅಂದರೆ, ರೂಬಾರ್ಬ್ ಓಡಿಸಿ, ಅದು ಇಟ್ಟ ಕೀಗಳಲ್ಲಿ, ಅಂದರೆ ಯಾವ ಫ್ರೇಮ್‌ಗೆ ಯಾವ ಬಾಯಿ ಅನ್ನುವ ಗುರುತುಗಳಲ್ಲಿ, ಮೂರರಲ್ಲಿ ಒಂದನ್ನು ಅಳಿಸಿ, ಪ ಬ ಮ ಇರುವ ಕಡೆ ಮಾತ್ರ ಕೈಯಲ್ಲಿ ತಿದ್ದಿದೆ. ಒಂದು ಸಂಜೆಯ ಕೆಲಸ. ಫೋನ್ ಭಾವನಿಗೆ ವಾಪಸ್ ಹೋಯಿತು. ಅಪ್ಪನಿಗೆ ದಪ್ಪ ಮೀಸೆಯೂ ಬಂತು. ಕಥೆಗೆ ಬೇಕಿರಲಿಲ್ಲ, ಮೇಲ್ತುಟಿ ಮುಚ್ಚಿದರೆ ಅರ್ಧ ಲಿಪ್‌ಸಿಂಕ್ ಮಾಫಿ ಅನ್ನುವ ದುರಾಸೆ. ಫಲ ಸಿಕ್ಕಿತು.

ಅಮ್ಮ ಮತ್ತೆ ನೋಡಿದರು. ಈ ಸಲ ಮನೆ-ಗಿನೆ ಅನ್ನಲಿಲ್ಲ. "ಕೊಡೆ ಯಾರಿಗೆ ಕೊಟ್ಟ?" ಅಂದರು.

ಮುಂದಿನ ಚಿತ್ರದಲ್ಲಿ ಮೂರು ಜನ ಮಾತಾಡುತ್ತಾರೆ. ಒಬ್ಬನಿಗೆ ಈಗಲೇ ಹೆಲ್ಮೆಟ್ ಹಾಕಿಟ್ಟಿದ್ದೇನೆ.