ಕುದುರೆ ಮಸಾಲೆ: ಹಸಿ ತೂಕ ನೋಡಿ ತಳಿ ಆರಿಸಬೇಡಿ

ಕುದುರೆ ಮಸಾಲೆ (ಲೂಸರ್ನ್ ಎಂಬ ದನಗಳ ಮೇವಿನ ಬೆಳೆ) ಬಿತ್ತುವವರು ಮೊದಲು ಕೇಳುವ ಪ್ರಶ್ನೆ, ‘ಯಾವ ತಳಿಯಲ್ಲಿ ಸೊಪ್ಪು ಜಾಸ್ತಿ ಬರುತ್ತೆ?’ ಇದಕ್ಕೆ ಉತ್ತರ ಹುಡುಕಲು ಮೂರು ತಳಿಗಳನ್ನು ಅಕ್ಕಪಕ್ಕದ ಮಡಿಗಳಲ್ಲಿ ಬೆಳೆಸಿದೆ. ಮಣ್ಣು, ನೀರು, ಗೊಬ್ಬರ ಎಲ್ಲಕ್ಕೂ ಒಂದೇ. ಮೊದಲನೆಯದು ವರ್ನಲ್, ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ 1953ರಲ್ಲಿ ಬಂದ ಹಳೆಯ ತಳಿ. ಎರಡನೆಯದು ಕ್ಯಾಲಿಫೋರ್ನಿಯಾದ ಸಿಯುಎಫ್ 101. ಮೂರನೆಯದು ಒಂದೊಂದು ಎಲೆಯಲ್ಲೂ ಮೂರು ಕಿರುಎಲೆಗಳ ಬದಲು ಐದೋ ಏಳೋ ಬಿಡುವ ಬಹುಎಲೆ ತಳಿ.

ಇವುಗಳ ಮುಖ್ಯ ವ್ಯತ್ಯಾಸ ಚಳಿಯಲ್ಲಿ ಗೊತ್ತಾಗುತ್ತದೆ. ಹಗಲು ಚಿಕ್ಕದಾಗಿ ಚಳಿ ಶುರುವಾದಾಗ ಕೆಲವು ತಳಿಗಳು ಬೆಳವಣಿಗೆ ನಿಲ್ಲಿಸಿ ಮಲಗಿಬಿಡುತ್ತವೆ. ಇದನ್ನು 1ರಿಂದ 11ರವರೆಗಿನ ಅಂಕದಲ್ಲಿ ಅಳೆಯುತ್ತಾರೆ. ಅಂಕ ಕಡಿಮೆಯಿದ್ದಷ್ಟೂ ನಿದ್ದೆ ಜಾಸ್ತಿ. ವರ್ನಲ್‌ನದು 2, ಸಿಯುಎಫ್ 101ರದು 9.

ಇಳುವರಿಯಲ್ಲಿ ಸಿಯುಎಫ್ 101 ಸಲೀಸಾಗಿ ಗೆದ್ದಿತು. ಕೊಯ್ದ ಮೇಲೆ ಬುಡದಿಂದ ಬೇಗ ಚಿಗುರಿತು. ಪಕ್ಕದ ವರ್ನಲ್ ನೆಲಕ್ಕಂಟಿ ಕೂತಿದ್ದ ದಿನಗಳಲ್ಲೂ ಅದು ಎದ್ದು ನಿಂತಿತ್ತು. ಆದರೆ ಹಸಿ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರೇ ಇರುತ್ತದೆ ಅಲ್ವಾ? ಹಾಗಾಗಿ ಪ್ರತಿ ಮಡಿಯಿಂದಲೂ ಒಂದಿಷ್ಟು ತೆಗೆದು, ತೂಕ ಇಳಿಯುವುದು ನಿಲ್ಲುವವರೆಗೂ ಒಣಗಿಸಿ ತೂಗಿದೆ. ಆಗಲೂ ಅದೇ ಮುಂದಿತ್ತು, ಅಂತರ ಮಾತ್ರ ಕಡಿಮೆಯಾಯಿತು. ಬಿತ್ತಿದ ವರ್ಷದ ಲೆಕ್ಕವನ್ನು ನಾನು ಹಿಡಿಯಲಿಲ್ಲ. ಆಗ ಗಿಡದ ಶಕ್ತಿ ಬೇರಿಗೆ ಹೋಗುತ್ತದೆ, ಎಲ್ಲ ತಳಿಯೂ ಕಡಿಮೆಯೇ ಕೊಡುತ್ತದೆ.

ಇನ್ನು ಮೇವಿನ ಗುಣ. ನನಗೆ ಹೆಚ್ಚು ಹಿಡಿಸಿದ್ದು ಈ ಭಾಗ. ಎಲೆಯಲ್ಲಿ ದಂಟಿಗಿಂತ ಎರಡು ಮೂರು ಪಟ್ಟು ಪ್ರೋಟೀನ್ ಇರುತ್ತದೆ. ನಾರು ತುಂಬುವುದು ದಂಟಿನಲ್ಲಿ. ಮೂರನ್ನೂ ಒಂದೇ ದಿನ ಕೊಯ್ದಾಗ ವರ್ನಲ್ ದಂಟು ತೆಳ್ಳಗೆ, ಮೈತುಂಬ ಎಲೆ. ಸಿಯುಎಫ್ ಅಷ್ಟರಲ್ಲಾಗಲೇ ಹೂಬಿಟ್ಟು ಬಲಿತಿತ್ತು. ಹಸುಗಳು ಅದರ ಎಲೆ ತಿಂದು ದಪ್ಪ ದಂಟನ್ನು ಗೋದಲಿಯಲ್ಲೇ ಉಳಿಸಿದವು. ಇಷ್ಟಕ್ಕೇ ನಿಲ್ಲಿಸಿದರೆ ವರ್ನಲ್ ಮೇಲು ಅಂತ ಬರೆಯಬೇಕಾಗುತ್ತಿತ್ತು.

ಆದರೆ ಬೇಗ ಬೆಳೆಯುವ ತಳಿಗೆ ನಿಧಾನದ ತಳಿಯ ದಿನಾಂಕ ಹಾಕುವುದು ನ್ಯಾಯವಲ್ಲ. ಮುಂದಿನ ಕಟಾವುಗಳಲ್ಲಿ ಪ್ರತಿ ತಳಿಯನ್ನೂ ಅದರದರ ಮೊಗ್ಗು ಕಾಣಿಸಿದಾಗ ಕೊಯ್ದೆ. ಆಗ ಗುಣದ ಅಂತರ ಬಹುಪಾಲು ಅಳಿಸಿಹೋಯಿತು. ಸಿಯುಎಫ್ ದಂಟನ್ನೂ ಹಸುಗಳು ಬಿಡದೆ ತಿಂದವು. ಮೊಗ್ಗಿನಿಂದ ಪೂರ್ತಿ ಹೂವಿಗೆ ಹೋಗುವಷ್ಟರಲ್ಲಿ ಯಾವ ತಳಿಯಲ್ಲಾದರೂ ಪ್ರೋಟೀನ್ ಇಳಿಯುತ್ತದೆ, ನಾರು ಏರುತ್ತದೆ. ಆ ಕೆಲವು ದಿನಗಳಲ್ಲಿ ಆಗುವ ನಷ್ಟ, ತಳಿ ತಳಿಗಳ ನಡುವಿನ ವ್ಯತ್ಯಾಸಕ್ಕಿಂತ ದೊಡ್ಡದು. ಮೇವಿನ ಪರೀಕ್ಷೆಯಲ್ಲಿ ಗುಣಾಂಕ ಕೊಡುತ್ತಾರೆ, ಅದು ಹೆಚ್ಚಿದ್ದಷ್ಟೂ ಮೇವು ಒಳ್ಳೆಯದು. ಅದರಲ್ಲಿ 100 ಅಂದರೆ ಪೂರ್ತಿ ಹೂಬಿಟ್ಟ ಕುದುರೆ ಮಸಾಲೆ. ಹಾಲು ಜಾಸ್ತಿ ಕೊಡುವ ಹಸುವಿಗೆ ಅದು ಸಾಲದು.

ಬಹುಎಲೆ ತಳಿ ನೋಡಲು ಚೆಂದ. ಎಲೆ, ದಂಟು ಬೇರೆ ಮಾಡಿ ತೂಗಿದರೆ ಎಲೆಯ ಪಾಲು ಹೇಳಿಕೊಳ್ಳುವಷ್ಟು ಜಾಸ್ತಿ ಇರಲಿಲ್ಲ. ಕಿರುಎಲೆಗಳ ಸಂಖ್ಯೆ ಹೆಚ್ಚಿದ ಮಾತ್ರಕ್ಕೆ ಎಲೆಯ ತೂಕ ಹೆಚ್ಚುವುದಿಲ್ಲ. ಅದಕ್ಕೆಂದೇ ದುಬಾರಿ ಬೀಜ ತರಬೇಕು ಅಂತ ನನಗನಿಸುವುದಿಲ್ಲ.

ಒಣಮೇವು ಮಾಡುವವರಿಗೆ ಒಂದು ಮಾತು. ಬಿಸಿಲೇರಿದ ಮೇಲೆ ಹೊರಳಿಸಿದರೆ ಒಣಗಿದ ಎಲೆ ಪುಡಿಯಾಗಿ ಮಣ್ಣುಪಾಲಾಗುತ್ತದೆ. ಮೂರೂ ತಳಿಗಳಲ್ಲಿ ಹೀಗೇ ಆಯಿತು. ಬೆಳಗಿನ ಇಬ್ಬನಿ ಪಸೆ ಇರುವಾಗಲೇ ಹೊರಳಿಸಿ.

ಹೆಪ್ಪುಗಟ್ಟುವ ಚಳಿ ಇಲ್ಲದ ಕಡೆ, ಮೊಗ್ಗಿನ ಹೊತ್ತಿಗೆ ತಪ್ಪದೆ ಕೊಯ್ಯಲು ಆಗುವುದಾದರೆ ನನ್ನ ಆಯ್ಕೆ ಸಿಯುಎಫ್ 101. ಕಟಾವು ಹಿಂದೆಮುಂದೆ ಆಗುವುದಾದರೆ ನಿಧಾನಕ್ಕೆ ಬಲಿಯುವ ತಳಿ ವಾಸಿ. ಕಡು ಚಳಿಯ ಜಾಗಕ್ಕೂ ವರ್ನಲ್ ಥರದ್ದೇ ಸರಿ, ಸಿಯುಎಫ್ ಅಲ್ಲಿ ಸತ್ತು ಮಡಿ ತೆಳುವಾಗುತ್ತದೆ. ತೆಳುವಾದ ಜಾಗಕ್ಕೆ ಮತ್ತೆ ಅದೇ ಬೀಜ ಚೆಲ್ಲಿದರೆ ಏಳುವುದಿಲ್ಲ. ಹಳೆಯ ಗಿಡಗಳು ಮಣ್ಣಿಗೆ ಬಿಡುವ ಅಂಶವೇ ಹೊಸ ಸಸಿಯ ಬೇರನ್ನು ಮುರುಟಿಸುತ್ತದೆ. ಅಲ್ಲಿ ಜೋಳವನ್ನೋ ಬೇರೆ ಹುಲ್ಲುಮೇವನ್ನೋ ಬೆಳೆದು, ಆಮೇಲೆ ಕುದುರೆ ಮಸಾಲೆಗೆ ಮರಳಬೇಕು.