ಮಾಟುಂಗಾದ ಆಯುರ್ವೇದ ಮಸಾಜ್: ಚೇಚಿ ಇದ್ದರೆ ಮಾತ್ರ ಹೋಗಿ

ಮುಂಬೈನ ಮಾಟುಂಗಾ ಸ್ಟೇಷನ್ ಹತ್ತಿರದ ಈ ಆಯುರ್ವೇದ ಮಸಾಜ್ ಸೆಂಟರ್‌ಗೆ ನಾನು ಹಳೇ ಗಿರಾಕಿ. ಡೊಂಬಿವಲಿಯಿಂದ ಲೋಕಲ್‌ನಲ್ಲಿ ನಿಂತೇ ಬರುವವಳು, ಬಲ ಭುಜ ಸದಾ ಹಿಡಿದಿರುತ್ತದೆ. ನನ್ನ ಅಳತೆಗೋಲು ಆ ಭುಜವೇ.

ಇಲ್ಲಿ ಹೆಂಗಸರಿಗೆ ಹೆಂಗಸರೇ ಮಸಾಜ್ ಮಾಡುತ್ತಾರೆ. ನನಗೆ ಸಿಕ್ಕವರು ಕೇರಳದ ಪಾಲಕ್ಕಾಡ್ ಕಡೆಯವರು, ನಾವೆಲ್ಲ ಚೇಚಿ ಅಂತೀವಿ, ಮಲಯಾಳಂನಲ್ಲಿ ಅಕ್ಕ ಅಂತ. ಕೈ ಇಡುವ ಮೊದಲು ಅವರು ಕೇಳುತ್ತಾರೆ: ಬಿಪಿ ಇದೆಯಾ? ರಕ್ತ ತೆಳು ಮಾಡುವ ಮಾತ್ರೆ ತಗೋತೀರಾ? ಎಲ್ಲಿ ಮುಟ್ಟಬಾರದು? ಪ್ರತಿ ಸಲವೂ ಕೇಳುತ್ತಾರೆ, ಹಳಬರು ಅಂತ ಬಿಡುವುದಿಲ್ಲ. ಆಮೇಲೆ ಧಾನ್ವಂತರಂ ಅನ್ನುವ ಆಯುರ್ವೇದ ತೈಲದ ಸ್ಟೀಲ್ ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿಡುತ್ತಾರೆ. ಒಂದು ಹನಿ ತಮ್ಮ ಮಣಿಕಟ್ಟಿಗೆ, ಇನ್ನೊಂದು ನನ್ನ ಅಂಗೈಗೆ. "ಬಿಸಿ ಸಾಕಾ?" ನಾನು ಹೂಂ ಅಂದ ಮೇಲೇ ನೆತ್ತಿಗೆ ಎಣ್ಣೆ. ತೋಳಿಗೆ ಉದ್ದಕ್ಕೆ ನೀವುತ್ತಾರೆ, ಕೀಲಿಗೆ ಬಂದಾಗ ಅದರ ಸುತ್ತ ಗುಂಡಗೆ ನೀವುತ್ತಾರೆ. ಭುಜದ ಗಂಟಿನ ಹತ್ತಿರ ಕೈ ತಾನಾಗಿ ನಿಧಾನವಾಗುತ್ತದೆ. ಅಲ್ಲಿ ನನಗೆ ನಿಜವಾಗಿ ಕಣ್ಣು ತುಂಬಿ ಬಂದದ್ದುಂಟು.

ಮಸಾಜ್‌ನ ಬೇರೆ ಬಗೆಗಳನ್ನೂ ನೋಡಿದ್ದೇನೆ. ಸ್ವೀಡಿಷ್ ಹಗುರ, ಚೆನ್ನಾಗಿ ನಿದ್ದೆ ಬರುತ್ತದೆ, ಗಂಟು ಮಾತ್ರ ಹಾಗೇ ಇರುತ್ತದೆ. ಡೀಪ್ ಟಿಶ್ಯೂನಲ್ಲಿ ಮೊಣಕೈ ಊರಿ ನಿಧಾನಕ್ಕೆ ಒತ್ತುತ್ತಾರೆ. ಮಾರನೇ ದಿನ ಮೈಕೈ ನೋವು, ಆಫೀಸ್ ಇದ್ದರೆ ಬೇಡ. ಥಾಯ್‌ಗೆ ಎಣ್ಣೆಯಿಲ್ಲ, ಬಟ್ಟೆ ತೊಟ್ಟೇ ನೆಲದ ಹಾಸಿನ ಮೇಲೆ ಮಲಗಬೇಕು. ಎಣ್ಣೆ ಜಿಡ್ಡು ಆಗದವರಿಗೆ ಅದೇ ವಾಸಿ.

ಈಗ ಬೇಸರದ ಮಾತು. ಈಚೆಗೆ ಕೌಂಟರ್‌ನಲ್ಲಿ ಪ್ಯಾಕೇಜ್ ತಗೊಳ್ಳಿ ಅಂತ ಒಂದೇ ವರಾತ. ಮೊದಲೇ ದುಡ್ಡು ಕಟ್ಟಿಸಿಕೊಂಡರು, ಆಮೇಲೆ ಚೇಚಿ ಬದಲು ಯಾರ್ಯಾರನ್ನೋ ಕಳಿಸಿದರು. ಒಬ್ಬ ಹುಡುಗಿ ಏನೂ ಕೇಳದೆ ಸೀದಾ ಬೆನ್ನುಮೂಳೆ ಮೇಲೇ ಹೆಬ್ಬೆರಳು ಒತ್ತಿದಳು. ಒತ್ತಬೇಕಾದ್ದು ಪಕ್ಕದ ಸ್ನಾಯುವನ್ನು, ಮೂಳೆಯನ್ನಲ್ಲ. ನೋವಾಗುತ್ತಿದೆ ಅಂದರೆ, "ಜೋರಾಗಿ ಒತ್ತಿದ್ರೇನೇ ಗುಣ" ಅಂದಳು. ನಿಲ್ಲಿಸು ಅಂತ ಹೇಳಿ ಎದ್ದುಬಿಟ್ಟೆ. ಆ ಹುಡುಗಿ ಮೇಲೆ ಸಿಟ್ಟಿಲ್ಲ. ಕಲಿಸದೆ ಒಳಗೆ ಕಳಿಸಿದವರ ಮೇಲೆ ಸಿಟ್ಟು.

ಒಂದು ತಾಸಿಗೆ 1,500 ರೂಪಾಯಿ ನನ್ನ ಸಂಬಳಕ್ಕೆ ಸಣ್ಣ ಮೊತ್ತವಲ್ಲ. ಈಗ ಫೋನ್ ಮಾಡಿ ಚೇಚಿಯ ಪಾಳಿ ಕೇಳಿಕೊಂಡೇ ಹೋಗುತ್ತೇನೆ, ಆವತ್ತಿನ ದುಡ್ಡು ಆವತ್ತೇ ಕೊಡುತ್ತೇನೆ. ನೀವೂ ಹಾಗೇ ಮಾಡಿ. ಜ್ವರ ಇದ್ದರೆ, ಒಂದೇ ಕಾಲು ಊದಿ ಬಿಸಿಯಾಗಿದ್ದರೆ ಮಸಾಜ್ ಬೇಡವೇ ಬೇಡ, ಮೊದಲು ಡಾಕ್ಟರ್ ಹತ್ತಿರ ಹೋಗಿ. ಚೇಚಿಗೆ ಐದು ಸ್ಟಾರ್, ಕೌಂಟರ್‌ಗೆ ಎರಡು. ಪ್ಯಾಕೇಜ್‌ನ ಉಳಿದ ದುಡ್ಡು ವಾಪಸ್ ಕೇಳಿದ್ದೇನೆ, ಇನ್ನೂ ಕೊಟ್ಟಿಲ್ಲ.